ಬೇರು ಮುಗಿದಲ್ಲಿಂದ ಒಂದು ಮಾರು

ಸಾಹೇಬರ ಸೀಟಿ ಮೊದಲ ಸಲ ತಪ್ಪಿದಾಗ ನಾನು ಕಾಲುವೆಯ ಈಚೆ ದಂಡೆಯ ಮೇಲೆ, ಅವರ ಬಲಗಡೆಗೆ, ಕೈ ಚಾಚಿದರೆ ಅವರ ತೋಳು ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದೆ. ಮುಂಗಾರಿಗೆಂದು ನಾರಾಯಣಪುರದ ಅಣೆಕಟ್ಟಿನಿಂದ ಬಿಟ್ಟ ನೀರು ಶಹಾಪುರದ ಕಡೆಯ ನಮ್ಮ ಗೇಟಿಗೆ ಬಂದು ಮುಟ್ಟಿದ ಬೆಳಿಗ್ಗೆ ಅದು. ಆಚೆ ದಂಡೆಯಲ್ಲಿ ಗೇಟಿನ ಚಕ್ರ ಹಿಡಿದುಕೊಂಡು ಭೀಮಣ್ಣ ನಿಂತಿದ್ದ. ಗೇಟು ಎತ್ತಿ ಇಳಿಸುವ ನೌಕರನನ್ನು ನಮ್ಮ ಇಲಾಖೆಯಲ್ಲಿ ಲಷ್ಕರ್ ಎನ್ನುತ್ತಾರೆ. ಅವನ ಹೆಂಡತಿ ನಾಗಮ್ಮ ರೊಟ್ಟಿಯ ಗಂಟು ತಂದು ಅವನ ಹಿಂದೆ ಕಲ್ಲಿನ ಮೇಲೆ ಕುಳಿತಿದ್ದಳು.

ನೀರು ಧುಮುಕುವ ಸದ್ದಿನಲ್ಲಿ ಅಲ್ಲಿ ಮಾತು ಕೇಳುವುದಿಲ್ಲ. ಅದಕ್ಕೇ ಸಾಹೇಬರು ಸೀಟಿ ಇಟ್ಟುಕೊಂಡಿದ್ದರು. ಬೆರಳು ಬೇಕಿರಲಿಲ್ಲ, ತುಟಿ ಸಾಕು. ಉದ್ದಕ್ಕೆ ಒಂದು ಸೀಟಿ ಹೊಡೆದರೆ ಗೇಟು ಎತ್ತಬೇಕು. ಗಿಡ್ಡವಾಗಿ ಎರಡು ಹೊಡೆದರೆ ನಿಲ್ಲಿಸಬೇಕು. ಆ ಬೆಳಿಗ್ಗೆ ಅವರು ತುಟಿ ಕೂಡಿಸಿದರು. ಎಡಗಡೆ ಕೂಡಿತು. ಬಲಗಡೆ ತುಟಿ ಬಾಗಿಲು ಕಿತ್ತ ಹಾಗೆ ತೆರೆದೇ ಉಳಿಯಿತು. ಬರಿ ಗಾಳಿ ಬಂತು. ಇನ್ನೊಮ್ಮೆ ಊದಿದರು. ಆಮೇಲೆ ಕೈಯೆತ್ತಿ ಸನ್ನೆ ಮಾಡಿ, ನನ್ನ ಕಡೆ ತಿರುಗಿ, "ಗಾಳಿ ಹೊಡದದರಿ. ಈ ಕಾಲುವಿ ಗಾಳಿ ಭಾಳ ಕೆಟ್ಟದು," ಎಂದರು. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ.

ಮೊನ್ನೆ ಅವರು ಸುರಪುರದ ತಮ್ಮ ಮನೆಯಲ್ಲಿ, ತುಂಬಿದ ವಯಸ್ಸಿನಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಹಾಗೆಯೇ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬಂದವರಲ್ಲಿ ಬಹಳ ಜನ, "ಪಾಪ, ಆ ರೋಗದಿಂದಲೇ ಹೋದರಲ್ಲ," ಎಂದು ಮಾತಾಡಿಕೊಂಡರು. ಆ ರೋಗದಿಂದ ಅವರು ಹೋಗಲಿಲ್ಲ. ಇಷ್ಟಾದರೂ ಸರಿಯಾಗಿ ಹೇಳಬೇಕು ಅನಿಸಿತು.

ಅವರು ಕಾಲುವೆಯ ಜೂನಿಯರ್ ಇಂಜಿನಿಯರು. ನಾನು ಅದೇ ಕಚೇರಿಯಲ್ಲಿ ಗುಮಾಸ್ತ. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನಮ್ಮಿಬ್ಬರ ಕ್ವಾರ್ಟರ್ಸಿಗೂ ನಡುವೆ ಒಂದೇ ಗೋಡೆ. ಗಿಡ್ಡ ಆಳು, ದಪ್ಪ ಮೀಸೆ, ಸದಾ ತೋಳು ಮಡಿಚಿದ ಅಂಗಿ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಬೇವಿನ ಕಡ್ಡಿ. ಮಾತಾಡುವಾಗ ಆ ಕಡ್ಡಿ ತೆಗೆದು ನೆಲದ ಮೇಲೆ ಗೆರೆ ಎಳೆಯುವುದು ಅವರ ಅಭ್ಯಾಸ. ಮಗಳ ಮದುವೆಯ ಮಾತಿಗೆ ಬಂದ ಬೀಗರ ಮುಂದೆಯೂ ಅವರು ಅಂಗಳದಲ್ಲಿ ಕಾಲುವೆ ಬರೆದದ್ದನ್ನು ನಾನು ನೋಡಿದ್ದೇನೆ. ಬೀಗರು ಕೊನೆಗೆ, "ಹುಡುಗಿ ಯಾವ ಕಡಿ ಅದಾಳ್ರಿ ಇದರಾಗ?" ಎಂದು ಕೇಳಿದ್ದರು.

ಕೆಲಸದಲ್ಲಿ ಅವರದೊಂದು ಹಟವಿತ್ತು. ಬೇಸಿಗೆಯಲ್ಲಿ ನೀರು ನಿಂತಾಗ ಕಾಲುವೆಯ ಜೊಂಡು ತೆಗೆಸುತ್ತೇವೆ. ಜೊಂಡು ಕೊಯ್ದರೆ ಸಾಲದು, ಬೇರು ಅಗೆಯಬೇಕು. ಕೂಲಿಯವರು ಬೇರು ಕಂಡಷ್ಟು ದೂರ ಅಗೆದು ಸಲಿಕೆ ಇಟ್ಟರೆ ಸಾಹೇಬರು ಬಂದು ಕಡ್ಡಿಯಿಂದ ಗೆರೆ ಎಳೆಯುವರು. "ಬೇರು ಮುಗಿದಲ್ಲಿಂದ ಒಂದು ಮಾರು ಮ್ಯಾಲ ಅಗೀರಿ." ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ.

"ಇಲ್ಲೇನೂ ಇಲ್ರಿ ಸಾಹೇಬ್ರ, ಬರಿ ಮಣ್ಣದ," ಎನ್ನುವರು ಕೂಲಿಯವರು.

"ಇಲ್ಲ ಅಂತ ಕಾಣತನಕ ಅಗದ್ರನ ಇಲ್ಲ ಅನ್ನಾಕ ಬರ್ತದ."

ಅವರು ಸರಿದ ಮೇಲೆ, ಕೂಲಿಗೆ ಬರುತ್ತಿದ್ದ ನಾಗಮ್ಮ, "ಈ ಮನಿಶ್ಯಾ ರೊಟ್ಟಿ ತಿಂದ ಮ್ಯಾಲ ಗಂಗಾಳನೂ ಒಂದು ಮಾರು ತಿಂತಾನ," ಎಂದು ಗೊಣಗುವಳು. ಅದು ಅವರಿಗೆ ಕೇಳಿಸುತ್ತಿತ್ತು. ಅವರು ಸೀಟಿ ಹೊಡೆಯುತ್ತ ಹೋಗುತ್ತಿದ್ದರು.

ನರ ಎಂಬುದರ ಬಗ್ಗೆ ನಮಗೆಲ್ಲ ಗೊತ್ತಾದದ್ದು ನನ್ನ ತಾಯಿಯಿಂದ. ಸೀಟಿ ತಪ್ಪುವುದಕ್ಕಿಂತ ಹಿಂದಿನ ವರ್ಷ ನನ್ನ ತಾಯಿಗೆ ಸರ್ಪಸುತ್ತು ಎದ್ದಿತು. ಬೆನ್ನಿನಿಂದ ಎಡ ಪಕ್ಕೆಯ ಮೇಲೆ ಬೆಂಕಿ ಸುರಿದಂತೆ ಗುಳ್ಳೆಗಳ ಸಾಲು. ಹಾವು ಮೈ ಸುತ್ತಿ ಅದರ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಹಾವು ಮುಂದೆ ಹೋಗದಂತೆ ಕೆಂಪು ಜಾಜಿನ ಮಣ್ಣಿನಿಂದ ಅಡ್ಡಗೆರೆ ಬರೆಯುವವರಿದ್ದಾರೆ. ನಾನು ಒಬ್ಬನನ್ನು ಕರೆತರಲು ಹೊರಟಿದ್ದೆ. ಸಾಹೇಬರು ತಮ್ಮ ಜೀಪಿನಲ್ಲಿ ಅವಳನ್ನು ಹತ್ತಿಸಿ ಶಹಾಪುರದ ದವಾಖಾನೆಗೆ ಕರೆದೊಯ್ದರು.

ಅಲ್ಲಿದ್ದ ಲೇಡಿ ಡಾಕ್ಟರು ತಾಳ್ಮೆಯ ಹೆಂಗಸು. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವಿಷ ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಮಲಗಿರುತ್ತದೆ, ವಯಸ್ಸಾದಾಗ ಎದ್ದು ಆ ಒಂದು ನರದ ಗುಂಟ ಚರ್ಮದ ತನಕ ಬರುತ್ತದೆ, ನರ ಹೋದಲ್ಲಿ ಮಾತ್ರ ಗುಳ್ಳೆ ಏಳುತ್ತದೆ ಎಂದು ಹೇಳಿದರು. ನನ್ನ ತಾಯಿ ಕೇಳಿದ್ದು ಒಂದೇ ಮಾತು: "ತಲಿ ಬಾಲ ಕೂಡತದೇನು ಹೇಳ್ರಿ."

ಡಾಕ್ಟರು ಉತ್ತರ ಹುಡುಕುತ್ತಿರುವಾಗ ಸಾಹೇಬರು ಕಡ್ಡಿ ತೆಗೆದು ದವಾಖಾನೆಯ ನೆಲದ ಮೇಲೆಯೇ ಗೆರೆ ಎಳೆದರು. "ಯವ್ವಾ, ಇದು ನಿನ್ನ ಬೆನ್ನು, ಇದು ಹೊಳಿ. ಎಡಕ್ಕೊಂದು ಕಾಲುವಿ, ಬಲಕ್ಕೊಂದು ಕಾಲುವಿ. ನಿಂದು ಎಡದಂಡಿ ನೀರು. ಎಡದಂಡಿ ನೀರು ಬಲದಂಡಿ ಹೊಲಕ್ಕ ಹೋಗ್ತದೇನು?"

"ಅದ್ಹ್ಯಾಂಗ ಹೋಗ್ತದ? ನಡುವ ಹೊಳಿ ಇಲ್ಲೇನು?"

"ಮತ್ತ? ಹೊಟ್ಟಿ ನಡುವಿಗಿ ಬಂದು ನಿಲ್ತದ. ಕೂಡಾಕ ಹಾದಿನ ಇಲ್ಲ."

ಡಾಕ್ಟರು ನಕ್ಕು, "ಬಹುತೇಕ ಹಾಗೇ," ಎಂದರು. ನನ್ನ ತಾಯಿ ಅಂದು ರಾತ್ರಿ ನೋವಿನಲ್ಲೂ ನಿದ್ರೆ ಮಾಡಿದಳು. ಗುಳ್ಳೆ ಹೊಕ್ಕುಳ ದಾಟಲಿಲ್ಲ.

ಅದೇ ವರ್ಷ ಅವರು ಭೀಮಣ್ಣನನ್ನೂ ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬೀಡಿ ಬೆರಳು ಸುಟ್ಟರೂ ಅವನಿಗೆ ತಿಳಿದಿರಲಿಲ್ಲ. ಡಾಕ್ಟರು ಬೆರಳು ಬಿಟ್ಟು ಮೊಳಕೈ ಹಿಂದೆ ಒತ್ತಿ ನೋಡಿದರು. ಅಲ್ಲಿ ನರ ಹಗ್ಗದಂತೆ ದಪ್ಪಗಾಗಿತ್ತು. ಕುಷ್ಠ. ಗುಳಿಗೆ ತಿಂದು ಅವನು ಗುಣವಾದ. ಕ್ಯಾಂಪಿನಲ್ಲಿ ಅವನ ಕೈಯ ನೀರು ಕುಡಿಯಲು ಜನ ಹಿಂದೆ ಮುಂದೆ ನೋಡುತ್ತಿದ್ದಾಗ ಸಾಹೇಬರು ದಿನಾ ಗೇಟಿನ ಹತ್ತಿರ ನಿಂತು, ಅವನ ತಂಬಿಗೆಯಿಂದಲೇ ಎತ್ತಿ ಕುಡಿಯುತ್ತಿದ್ದರು. ಭಾಷಣ ಮಾಡುತ್ತಿರಲಿಲ್ಲ. ನೀರು ಕುಡಿದು, ಮೀಸೆ ಒರೆಸಿಕೊಂಡು, ಮುಂದಿನ ಕೆಲಸ ಹೇಳುತ್ತಿದ್ದರು.

ಇಷ್ಟು ತಿಳಿದಿದ್ದ ಮನುಷ್ಯ ತನ್ನ ಮುಖಕ್ಕೆ ಮಾತ್ರ ಗಾಳಿ ಎಂದ. ಇದು ನಮ್ಮ ಕಡೆಯ ತಪ್ಪು. ನೀರು ಬರುವ ಮೊದಲು ಈ ಸೀಮೆಯಲ್ಲಿ ಬಿಸಿಗಾಳಿ ಬಿಟ್ಟರೆ ಬೇರೆ ಗಾಳಿ ಗೊತ್ತಿರಲಿಲ್ಲ. ಕಾಲುವೆ ಬಂದು, ಭತ್ತದ ಗದ್ದೆಗಳಾಗಿ, ಬೆಳಗಿನ ಜಾವ ಮೈ ನಡುಗುವಂಥ ತಂಪು ಶುರುವಾದ ಮೇಲೆ ಕೆಮ್ಮು, ಸೊಂಟನೋವು, ಮಕ್ಕಳ ಜ್ವರ ಎಲ್ಲಕ್ಕೂ ಕಾಲುವೆ ಗಾಳಿಯೇ ಕಾರಣವಾಯಿತು. ಬಾಯಿ ಸೊಟ್ಟಗಾದರಂತೂ ಕೇಳುವುದೇ ಬೇಡ: ಲಕ್ವ, ಗಾಳಿ ಹೊಡೆದದ್ದು. ಅದಕ್ಕೆ ಪಾರಿವಾಳದ ಬಿಸಿ ರಕ್ತ ಕೆನ್ನೆಗೆ ಸವರಿ, ಕಿವಿ ಮುಚ್ಚುವಂತೆ ಮಫ್ಲರ್ ಕಟ್ಟಬೇಕು. ಕಾಲುವೆಯವರೇ ಆದ ಸಾಹೇಬರು ಸೀಟಿ ತಪ್ಪುವ ಮುಂಚಿನ ಬೇಸಿಗೆಯಿಂದಲೇ ಮಫ್ಲರ್ ಕಟ್ಟಿದ್ದರು.

ಸೀಟಿ ತಪ್ಪಿದ ಮಾರನೆಯ ದಿನ ಅವರ ಹೆಂಡತಿ ಶಾರದಮ್ಮ ಪಡಸಾಲೆಯಲ್ಲಿ ಬುಟ್ಟಿಯ ಕೆಳಗೆ ಒಂದು ಪಾರಿವಾಳ ಇಟ್ಟುಕೊಂಡು, ಅದನ್ನು ಕೊಯ್ಯುವವನ ದಾರಿ ಕಾಯುತ್ತಿದ್ದರು. ಸಾಹೇಬರು ಗೋಡೆಗೆ ಒರಗಿ ಕುಳಿತಿದ್ದರು. ನನ್ನ ತಾಯಿ ಮಜ್ಜಿಗೆ ಕೊಡಲು ಹೋದವಳು ಬುಟ್ಟಿ ನೋಡಿದಳು. ನಾನು ಬಾಗಿಲಲ್ಲಿದ್ದೆ.

"ಏನಪಾ ಇದು?"

"ಗಾಳಿ ಹೊಡದದ ಯವ್ವಾ. ಸಣ್ಣ ಲಕ್ವ."

"ನನ್ನ ಹಾವಿಗಿ ದವಾಖಾನಿ, ನಿನ್ನ ಗಾಳಿಗಿ ಪಾರಿವಾಳ?" ಎಂದಳು ನನ್ನ ತಾಯಿ. "ನನಗ ಎಡದಂಡಿ ಬಲದಂಡಿ ಅಂತ ನೆಲ ಎಲ್ಲಾ ಗೀಚಿದಿ. ನಿನ್ನ ಮಾರಿ ಯಾವ ದಂಡಿಗಿ ಅದ ಹೇಳು."

ಸಾಹೇಬರು ನಗಲು ಹೋದರು. ಅರ್ಧ ಮುಖ ನಕ್ಕಿತು. ನನ್ನ ತಾಯಿ ಅದನ್ನು ಕಂಡಳು. ಬಗ್ಗಿ ಬುಟ್ಟಿ ಎತ್ತಿದಳು. ಪಾರಿವಾಳ ಹಾರಲಿಲ್ಲ. ಆರಾಮಾಗಿ ನಡೆದುಕೊಂಡು ಹೊಸ್ತಿಲು ದಾಟಿ, ಅಂಗಳದಲ್ಲಿ ಎರಡು ಕಾಳು ಹೆಕ್ಕಿ, ಆಮೇಲೆ ಹಾರಿತು. "ನೋಡು, ಅದಕ್ಕೂ ಅವಸರಿಲ್ಲ. ನಿನಗದ," ಎಂದಳು ನನ್ನ ತಾಯಿ.

ಅಂದೇ ಮಧ್ಯಾಹ್ನ ಶಹಾಪುರಕ್ಕೆ ಹೋದೆವು. ಅದೇ ಡಾಕ್ಟರು ಅವರಿಗೆ ಹುಬ್ಬು ಎತ್ತಲು, ಕಣ್ಣು ಮುಚ್ಚಲು, ಕೆನ್ನೆ ಉಬ್ಬಿಸಲು ಹೇಳಿದರು. ಕೊನೆಗೆ, "ಸೀಟಿ ಹೊಡೆಯಿರಿ," ಎಂದರು. ಸಾಹೇಬರು ತಲೆ ತಗ್ಗಿಸಿದರು. ಅದೊಂದನ್ನು ಅವರು ಮಾಡಲಿಲ್ಲ.

"ಇದು ಯಾವಾಗ ಆಯಿತು?"

"ನಿನ್ನೆರಿ. ಮುಂಜಾನಿ ಏಕದಂ."

ನಾನು ಪಕ್ಕದಲ್ಲಿದ್ದೆ. ನೋಡಿದ್ದನ್ನು ಹೇಳಿದೆ. ಬೇಸಿಗೆಯಲ್ಲಿ ಮೊದಲು ಬಲಗಣ್ಣಿನಿಂದ ನೀರು ಬರತೊಡಗಿತ್ತು. ಆಮೇಲೆ ಎಲೆ ಅಡಿಕೆ ಉಗುಳುವಾಗ ಬಲಗಡೆಯಿಂದ ರಸ ಅಂಗಿಯ ಮೇಲೆ ಇಳಿಯುತ್ತಿತ್ತು. ಆಮೇಲೆ ಚಹಾ. ಸೀಟಿ ಕೊನೆಯದು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಲಕ್ವ ದಿಢೀರನೆ ಬರುತ್ತದೆ. ಹೀಗೆ ಒಂದೊಂದೇ ಕವಲು ಹಿಡಿದು ಬರುವುದಿಲ್ಲ," ಎಂದು ಅವರ ಮಫ್ಲರನ್ನು ತಾವೇ ಬಿಚ್ಚಿದರು. ಬಲಗಿವಿಯ ಕೆಳಗೆ ಅಡಿಕೆಯಷ್ಟು ಒಂದು ಗಂಟು ಇತ್ತು. ಸಾಹೇಬರಿಗೆ ಅದು ಗೊತ್ತಿತ್ತು. ಹಲ್ಲಿನದಿರಬೇಕು ಅಂದುಕೊಂಡಿದ್ದರಂತೆ.

ಯಾದಗಿರಿಯಿಂದ ರೈಲು ಹಿಡಿದು ನಾವು ಸೊಲ್ಲಾಪುರಕ್ಕೆ ಹೋದೆವು. ಸಾಹೇಬರು, ಶಾರದಮ್ಮ, ನಾನು, ಮತ್ತು ಬೇಡವೆಂದರೂ ಹತ್ತಿ ಕುಳಿತ ಭೀಮಣ್ಣ. ಅಲ್ಲಿಯ ಸರ್ಜನ್ನರು ಕನ್ನಡದವರೇ. ಸೂಜಿ ಹಾಕಿ ಪರೀಕ್ಷೆ ಮಾಡಿಸಿ, ಸ್ಕ್ಯಾನ್ ನೋಡಿ, ನಮ್ಮೆಲ್ಲರನ್ನೂ ಕೂರಿಸಿ ಹೇಳಿದರು. ಜೊಲ್ಲು ಮಾಡುವ ಗ್ರಂಥಿಯಲ್ಲಿ ಕ್ಯಾನ್ಸರು. ನಿಧಾನದ ಜಾತಿ. ಆದರೆ ಅದಕ್ಕೊಂದು ಕೆಟ್ಟ ಅಭ್ಯಾಸ: ಗಂಟಿದ್ದಲ್ಲಿ ಇರುವುದಿಲ್ಲ, ಗ್ರಂಥಿಯ ನಡುವೆ ಹಾಯುವ ಮುಖದ ನರವನ್ನು ಹಿಡಿದು, ಅದರ ಕವಚದ ಒಳಗೆ ತೆವಳುತ್ತದೆ. ಕಣ್ಣಿಗೆ ಗಂಟು ಸಣ್ಣದು, ರೋಗ ಅದನ್ನು ದಾಟಿ ಎಷ್ಟು ದೂರ ಹೋಗಿದೆಯೆಂದು ಸ್ಕ್ಯಾನ್‌ನಲ್ಲೂ ಪೂರ್ತಿ ಕಾಣುವುದಿಲ್ಲ. ಆ ನರ ಕಿವಿಯ ಹಿಂದಿನ ಎಲುಬಿನೊಳಗಿಂದ ಬರುತ್ತದೆ. ಎಲುಬಿನ ಆಚೆ ಮೆದುಳು.

ಸಾಹೇಬರು ಕೇಳಿದರು: "ಹುಕುಂ ಮೆದುಳಿಂದ ಮಾರಿಗಿ ಬರ್ತದ. ಅಂದ್ರ ನೀರು ಮ್ಯಾಲಿಂದ ಕೆಳಗ. ಈ ರೋಗ ಕೆಳಗಿಂದ ಮ್ಯಾಲ ಹ್ಯಾಂಗ ಹತ್ತತದರಿ?"

ಸರ್ಜನ್ನರು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು. "ತಿಳೀತು ಬಿಡ್ರಿ. ಜೊಂಡು. ನೀರು ಹ್ಯಾಂಗರ ಹರೀಲಿ, ಬೇರು ದಂಡಿ ಹಿಡದು ಮ್ಯಾಲ ಹತ್ತತದ."

ಜೇಬಿನ ಕಡ್ಡಿ ಮುಟ್ಟಿದರು, ಆದರೆ ಗೆರೆ ಎಳೆಯಲಿಲ್ಲ.

ಪ್ರಶ್ನೆ ಇದ್ದದ್ದು ಇಷ್ಟು. ಗಂಟನ್ನೂ ಅದಕ್ಕೆ ಅಂಟಿದ ನರವನ್ನೂ ತೆಗೆದು ಬುಡ ಉಳಿಸಿದರೆ, ಮುಂದೆ ಬೇರೆ ಕಡೆಯ ನರ ತಂದು ಜೋಡಿಸಬಹುದು, ಮುಖ ಅಷ್ಟಿಷ್ಟು ಮರಳಿ ಬಂದೀತು. ರೋಗ ಬುಡಕ್ಕೇ ಹೋಗಿದ್ದರೆ ಎಲುಬು ಕೊರೆದು ಬೆನ್ನಟ್ಟಬೇಕು. ಆಗ ಬಲ ಮುಖ ಶಾಶ್ವತವಾಗಿ ಹೋದಂತೆ. ಎಲ್ಲಿಗೆ ನಿಲ್ಲಿಸಬೇಕೆಂದು ಮೊದಲೇ ಅನುಮತಿ ಬೇಕು. ಶಾರದಮ್ಮ ಸೆರಗು ಬಾಯಿಗೆ ಇಟ್ಟುಕೊಂಡು, "ಮಗಳ ಮದವಿ ಅದರಿ. ಮಾರಿ ಸೊಟ್ಟಾದ್ರ ಜನ ಏನಂದಾರು," ಎಂದರು. ಸರ್ಜನ್ನರು ಸಾಹೇಬರ ಕಡೆ ನೋಡಿದರು.

"ಬೇರು ಮುಗಿದಲ್ಲಿಂದ ಒಂದು ಮಾರು ಮ್ಯಾಲ ಅಗೀರಿ," ಎಂದರು ಸಾಹೇಬರು.

ಸರ್ಜನ್ನರಿಗೆ ತಿಳಿಯಲಿಲ್ಲ. ಭೀಮಣ್ಣ ತಿಳಿಸಿ ಹೇಳಿದ. ಆ ಮಾರು ಅಗೆದು ಅಗೆದು ಅವನ ಹೆಂಡತಿ ಬೈದದ್ದೆಷ್ಟೋ.

ಆಪರೇಷನ್ ನಡೆಯುತ್ತಿದ್ದಾಗ ನಾನು ಕೋಣೆಯ ಹೊರಗೆ, ಬಾಗಿಲಿಗೆ ಎದುರಾದ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಕತ್ತರಿಸಿದ ನರದ ತುದಿಯನ್ನು ಆಗಿಂದಾಗಲೇ ಲ್ಯಾಬಿಗೆ ಕಳಿಸಿ ನೋಡುತ್ತಾರೆ, ಅಲ್ಲಿಯ ತನಕ ರೋಗಿ ಮೇಜಿನ ಮೇಲೆಯೇ ಇರುತ್ತಾನೆ ಎಂದು ನಮಗೆ ಹೇಳಿದ್ದರು. ಒಬ್ಬ ನರ್ಸು ಸಣ್ಣ ಡಬ್ಬಿ ಹಿಡಿದು ಮೆಟ್ಟಿಲಿಳಿದು ಹೋದಳು. ಆ ಡಬ್ಬಿಯಲ್ಲಿ ಕಾಣುವಂಥದ್ದೇನೂ ಇರಲಿಲ್ಲ. ನಂತರ ಫೋನು ಬಂತು. ಸರ್ಜನ್ನರ ಸಹಾಯಕ ಬಾಗಿಲು ತೆರೆದು, "ತುದಿಯಲ್ಲಿ ಇನ್ನೂ ಇದೆ. ಎಲುಬಿನೊಳಗೆ ಹೋಗುತ್ತಿದ್ದೇವೆ," ಎಂದು ಹೇಳಿ ಮುಚ್ಚಿಕೊಂಡ.

ಶಾರದಮ್ಮ ನೆಲದ ಮೇಲೆ ಕುಳಿತರು. ಭೀಮಣ್ಣ ನನ್ನ ಹತ್ತಿರ ಬಂದು, "ಗೇಟಿನ ಮಟ ಬಂದದೇನ್ರಿ?" ಎಂದ. ಗೇಟು ಎಂದರೆ ಅವನಿಗೆ ಮೆದುಳಿನ ಬಾಗಿಲು. ಬಾಗಿಲ ಹಿಂದೆ ಎಲುಬು ಕೊರೆಯುವ ಸದ್ದು ಕೇಳುತ್ತಿತ್ತು. ಆ ಸದ್ದು ಈಗಲೂ ಕೆಲವು ಸಲ ಕೇಳುತ್ತದೆ. ಎಲ್ಲಾದರೂ ಗೋಡೆಗೆ ಮೊಳೆ ಹೊಡೆಯಲು ಯಂತ್ರ ಹಚ್ಚಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಎರಡನೆಯ ಡಬ್ಬಿ ಇಳಿದು ಹೋಯಿತು. ಮತ್ತೆ ಬಾಗಿಲು ತೆರೆದಾಗ ಬಂದವರು ಸರ್ಜನ್ನರೇ. ಮುಖಕ್ಕೆ ಕಟ್ಟಿದ ಬಟ್ಟೆ ಇಳಿಸಿ, "ಮೇಲಿನ ತುದಿ ಸ್ವಚ್ಛ ಇದೆ," ಎಂದರು. "ಅದರ ಮೇಲೂ ಸ್ವಲ್ಪ ತೆಗೆದಿದ್ದೇವೆ. ಅವರು ಹೇಳಿದ್ದರಲ್ಲ."

"ಗೇಟ್ ದಾಟಿಲ್ಲ," ಎಂದ ಭೀಮಣ್ಣ, ತನ್ನಷ್ಟಕ್ಕೆ.

ಶಾರದಮ್ಮ ಎದ್ದು, ಸೆರಗು ಸರಿ ಮಾಡಿಕೊಂಡು ಕೇಳಿದರು: "ಮಾತು ಬರ್ತಾವಲ್ರಿ?"

"ಬರುತ್ತವೆ. ಸ್ವಲ್ಪ ತೊದಲಬಹುದು."

"ಹಂಗಾದ್ರ ಮನ್ಯಾಗ ನಮಗೇನೂ ಬದಲು ಕಾಣಂಗಿಲ್ಲ," ಎಂದು ಹೇಳಿ, ಗೋಡೆಯ ಕಡೆ ತಿರುಗಿ ಅತ್ತರು.

ಆಮೇಲೆ ಕರೆಂಟು ಕೊಟ್ಟರು. ವಿಕಿರಣಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಈ ಜಾತಿಯ ರೋಗ ಎಷ್ಟೋ ವರ್ಷದ ಮೇಲೂ ಮರಳಬಹುದು, ಪ್ರತಿ ವರ್ಷ ಬಂದು ತೋರಿಸಬೇಕು ಎಂದು ಸರ್ಜನ್ನರು ಹೇಳಿದ್ದರು. ಸಾಹೇಬರು ನಿವೃತ್ತರಾಗಿ ಸುರಪುರಕ್ಕೆ ಹೋದ ಮೇಲೂ ಪ್ರತಿ ಬೇಸಿಗೆ, ಕಾಲುವೆ ನಿಂತ ಕಾಲಕ್ಕೆ ಸರಿಯಾಗಿ, ಸೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದರು. "ಜೊಂಡು ನೋಡಿಸಿಕೊಂಡು ಬಂದೆ," ಎನ್ನುತ್ತಿದ್ದರು. ರೋಗ ಮರಳಲಿಲ್ಲ.

ಅವರ ಬಲ ಮುಖ ಮತ್ತೆ ಅಲುಗಲಿಲ್ಲ. ಬಲಗಣ್ಣು ಮುಚ್ಚುತ್ತಿರಲಿಲ್ಲ, ಮಲಗುವಾಗ ರೆಪ್ಪೆಗೆ ಪಟ್ಟಿ ಅಂಟಿಸಬೇಕು. ಮಧ್ಯಾಹ್ನ ಪಟ್ಟಿ ಇಲ್ಲದೆ ಕಚೇರಿಯ ಕುರ್ಚಿಯಲ್ಲಿ ತೂಕಡಿಸಿದರೆ, ಹೊರಗಿನಿಂದ ಬಂದ ರೈತರು ತೆರೆದ ಆ ಕಣ್ಣಿನ ಮುಂದೆ ಕೈ ಮುಗಿದು ತಮ್ಮ ಅಹವಾಲು ಪೂರ್ತಿ ಹೇಳಿ ಮುಗಿಸುತ್ತಿದ್ದರು. ಎಚ್ಚರಾದ ಮೇಲೆ ಅವರು, "ಇನ್ನೊಮ್ಮಿ ಹೇಳ್ರಿ. ಆ ಕಣ್ಣು ಡ್ಯೂಟಿ ಮ್ಯಾಲ ಇತ್ತು, ಕಿವಿ ರಜಾದಾಗಿತ್ತು," ಎನ್ನುವರು. ಮಗಳ ಮದುವೆ ಅದೇ ಬೀಗರ ಮನೆಯಲ್ಲೇ ಆಯಿತು. ಫೋಟೋದವನು ಅವರ ಎಡಗಡೆಯಿಂದ ತೆಗೆಯಲು ಹೋದರೆ ತಡೆದು, "ಎದುರ ನಿಂದ್ರು ತಮ್ಮಾ. ಎಡದಾಂವ ಬಲದಾಂವ ಇಬ್ಬರೂ ಬರ್ಲಿ," ಎಂದರು.

ಆಪರೇಷನ್ನಿನ ಮುಂದಿನ ಮುಂಗಾರಿಗೆ ನೀರು ಬಂದ ಬೆಳಿಗ್ಗೆ ನಾನು ಮತ್ತೆ ಈಚೆ ದಂಡೆಯಲ್ಲಿ, ಅವರ ಬಲಗಡೆಗೇ ನಿಂತಿದ್ದೆ. ಶಾರದಮ್ಮನೂ ಬಂದಿದ್ದರು. ಆಚೆ ಭೀಮಣ್ಣ ಚಕ್ರ ಹಿಡಿದಿದ್ದ, ನಾಗಮ್ಮ ಕಲ್ಲಿನ ಮೇಲೆ. ಒಂದು ವರ್ಷದಿಂದ ಕೈಸನ್ನೆಯಲ್ಲೇ ಕೆಲಸ ನಡೆದಿತ್ತು. ಆದರೆ ಅಂದು ಸಾಹೇಬರು ಕೈ ಎತ್ತಿದರೂ ಭೀಮಣ್ಣ ಚಕ್ರ ತಿರುಗಿಸಲಿಲ್ಲ. ನೋಡಲಿಲ್ಲವೇನೋ ಎಂದು ಅವರು ಮತ್ತೆ ಎತ್ತಿದರು. ಅವನು ಕಿವಿಗೆ ಕೈ ಹಚ್ಚಿ ತೋರಿಸಿದ, ಕೇಳಿಸಲಿಲ್ಲ ಎನ್ನುವಂತೆ.

"ಹುಚ್ಚ ನನ ಮಗ," ಎಂದರು ಸಾಹೇಬರು. ಆಮೇಲೆ ಬಲಗೈ ಹೆಬ್ಬೆರಳಿನಿಂದ ಬಾಯಿಯ ಬಲ ಮೂಲೆಯನ್ನು ಒತ್ತಿ ಮುಚ್ಚಿ, ಉಳಿದ ಅರ್ಧ ತುಟಿಯನ್ನು ಕೂಡಿಸಿ ಊದಿದರು. ಮೊದಲು ಗಾಳಿ. ಹೆಬ್ಬೆರಳನ್ನು ಇನ್ನಷ್ಟು ಒತ್ತಿ ಮತ್ತೆ ಊದಿದಾಗ, ಹೊಸ ಬಟ್ಟೆ ಹರಿದಂಥ ಒಂದು ತೆಳ್ಳನೆಯ ಸದ್ದು ಬಂತು. ಭೀಮಣ್ಣ ಚಕ್ರ ತಿರುಗಿಸಿದ.

ಇದನ್ನು ಕಂಡು ಕೇಳಿದವರಲ್ಲಿ ನನ್ನನ್ನು ಬಿಟ್ಟು ಮೂವರು ಇದ್ದಾರೆ. ಶಾರದಮ್ಮ ಸುರಪುರದಲ್ಲಿದ್ದಾರೆ, ಮೊನ್ನೆ ಮಣ್ಣಿಗೆ ಬಂದವರಿಗೆಲ್ಲ ಅವರೇ ಈ ಮಾತು ತೆಗೆದು ಹೇಳಿದರು. ಭೀಮಣ್ಣ ಮತ್ತು ನಾಗಮ್ಮ ಶಹಾಪುರದಲ್ಲಿ ಮಗನ ಮನೆಯಲ್ಲಿದ್ದಾರೆ. ಕೇಳಿದರೆ ಭೀಮಣ್ಣ, ಅಷ್ಟು ನೀರಿನ ಸದ್ದಿನಲ್ಲೂ ಸೀಟಿ ಸ್ಪಷ್ಟವಾಗಿ ಕೇಳಿಸಿತು ಎನ್ನುತ್ತಾನೆ. ಅದು ಸೀಟಿಯೇ ಅಲ್ಲ, ಬರಿ ಉಸಿರು, ಇವನು ಬಾಯಿ ನೋಡಿ ಎತ್ತಿದ ಎನ್ನುತ್ತಾಳೆ ನಾಗಮ್ಮ. ಈ ಒಂದು ವಿಷಯದಲ್ಲಿ ಗಂಡ ಹೆಂಡತಿ ಇಂದಿಗೂ ಒಂದಾಗಿಲ್ಲ. ಗೇಟು ಎದ್ದದ್ದರ ಬಗ್ಗೆ ಮಾತ್ರ ಇಬ್ಬರದೂ ಒಂದೇ ಮಾತು.